‘ಜೀವದ’ ಶಬ್ದ: ಪರ್ಯಾಯಗಳೂ ಪ್ರಯೋಗವೂ

ಜೈನ ವಾಙ್ಮಯದಲ್ಲಿ ಜೀವವನ್ನು ಕುರಿತ ಶಬ್ದಸಂಪತ್ತು ಅಪಾರವಾದುದು. ಜೀವದ ಲಕ್ಷಣ, ಭೇದ, ಗತಿ, ಸ್ಥಾನ, ಪ್ರಾಣ, ಪರ್ಯಾಪ್ತಿ ಇವುಗಳನ್ನು ನಿರೂಪಿಸಲು ಆಚಾರ್ಯರು ಬಳಸಿದ ಪರಿಭಾಷೆ ಬೇರಾವ ದರ್ಶನದಲ್ಲಿಯೂ ಇಷ್ಟು ಸೂಕ್ಷ್ಮವಾಗಿ ಬೆಳೆದಿಲ್ಲ. ಆದರೆ ಜೀವವನ್ನು ‘ನೀಡುವವನು’ ಎಂಬ ಅರ್ಥದ ಶಬ್ದಗಳು ಮಾತ್ರ ಈ ವಾಙ್ಮಯದಲ್ಲಿ ವಿರಳವಾಗಿವೆ. ಬಂದಿರುವಲ್ಲಿ ವಿಶೇಷಾರ್ಥದಿಂದ ಬಂದಿವೆ. ಜೀವವು ಅನಾದಿ, ಅಕೃತಕ. ಅದನ್ನು ಸೃಷ್ಟಿಸಿದವನಿಲ್ಲ, ಕೊಡುವವನೂ ಇಲ್ಲ. ಹೀಗಿರುವಾಗ ಜೀವದ, ಪ್ರಾಣದ, ಜೀವದಯ ಮೊದಲಾದ ಶಬ್ದಗಳು ಆಗಮ, ಪುರಾಣ, ಸ್ತೋತ್ರಗಳಲ್ಲಿ ಹೇಗೆ ನೆಲೆಗೊಂಡವು, ಅವುಗಳ ಅರ್ಥವ್ಯಾಪ್ತಿ ಎಷ್ಟು ಎಂಬುದು ವಿಚಾರಾರ್ಹವಾದ ವಿಷಯ. ಇದು ಕೇವಲ ಶಬ್ದಕೌತುಕವಲ್ಲ. ತಾಡಪತ್ರ ಪ್ರತಿಗಳಲ್ಲಿ ಈ ಶಬ್ದಗಳ ಒಂದು ಬಿಂದುವೋ ಒಂದು ಸೀಳೋ ಬಿಟ್ಟುಹೋದರೆ ವಾಕ್ಯಾರ್ಥವು ಮಾತ್ರವಲ್ಲ, ಸಿದ್ಧಾಂತಾರ್ಥವೂ ವ್ಯತ್ಯಾಸಗೊಳ್ಳುವ ಸಂಭವವಿದೆ.

1. ವ್ಯುತ್ಪತ್ತಿ ಮತ್ತು ಕೋಶಾರ್ಥ

‘ಜೀವದ’ ಶಬ್ದವು ಜೀವ ಎಂಬ ಉಪಪದದ ಮುಂದೆ ‘ದಾ’ ಧಾತುವಿಗೆ ‘ಕ’ ಪ್ರತ್ಯಯ ಬಂದು ಸಿದ್ಧವಾದುದು. ಗೋದ, ವರದ, ಸುಖದ ಇತ್ಯಾದಿಗಳಂತೆ ಇದೂ ಒಂದು ಕರ್ತೃವಾಚಕ ಕೃದಂತ. ಜೀವವನ್ನು ಕೊಡುವವನು ಎಂಬುದು ಇದರ ಯೌಗಿಕಾರ್ಥ, ವೈದ್ಯನೆಂಬುದು ರೂಢಾರ್ಥ. ಆದರೆ ಇದೇ ರೂಪವನ್ನು ಕತ್ತರಿಸುವುದೆಂಬ ಅರ್ಥದ ‘ದೋ’ ಧಾತುವಿನಿಂದಲೂ ಸಾಧಿಸಬಹುದು. ಆಗ ಜೀವವನ್ನು ಖಂಡಿಸುವವನು ಎಂಬ ಅರ್ಥ ಬಂದು, ಶಬ್ದವು ಶತ್ರುವಾಚಕವಾಗುತ್ತದೆ. ಸಂಸ್ಕೃತ ಕೋಶಗಳು ಜೀವದ ಶಬ್ದಕ್ಕೆ ವೈದ್ಯ, ಶತ್ರು ಎಂಬ ಎರಡರ್ಥಗಳನ್ನೂ ಕೊಟ್ಟಿರುವುದಕ್ಕೆ ಇದೇ ಕಾರಣ. ಬದುಕಿಸುವವನಿಗೂ ಕೊಲ್ಲುವವನಿಗೂ ಒಂದೇ ಶಬ್ದವಾಗಿ, ಅರ್ಥನಿರ್ಣಯವು ಪ್ರಕರಣವನ್ನೇ ಅವಲಂಬಿಸಿರುವುದು ಗಮನಾರ್ಹ.

‘ಜೀವದಯ’ ಶಬ್ದದ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಇದರ ಉತ್ತರಪದವು ‘ದಯ್’ ಧಾತುವಿನಿಂದ ಬಂದುದು. ಧಾತುಪಾಠವು ಈ ಧಾತುವಿಗೆ ದಾನ, ಗತಿ, ರಕ್ಷಣ, ಹಿಂಸೆ, ಆದಾನ ಎಂಬ ಐದು ಅರ್ಥಗಳನ್ನು ಹೇಳಿದೆ. ಕೊಡುವುದು, ಕಾಯುವುದು, ಹಿಂಸಿಸುವುದು ಮೂರೂ ಒಂದೇ ಧಾತುವಿನಲ್ಲಿ ಅಡಗಿವೆ. ಅವುಗಳಲ್ಲಿ ದಾನ ಮತ್ತು ರಕ್ಷಣಗಳನ್ನು ಮಾತ್ರ ಉಳಿಸಿಕೊಂಡು ‘ದಯೆ’ ಎಂಬ ಶಬ್ದವು ಧರ್ಮದ ಮೂಲವೆಂಬ ಸ್ಥಾನವನ್ನು ಪಡೆಯಿತು.

ಈ ಗುಂಪಿನ ಇತರ ಶಬ್ದಗಳನ್ನೂ ಇಲ್ಲಿಯೇ ಸ್ಮರಿಸಬಹುದು. ‘ಜೀವಾತು’ ಎಂಬುದು ಅಮರಕೋಶದಲ್ಲಿ ಬದುಕಿಸುವ ಔಷಧಕ್ಕೆ ಹೆಸರು. ‘ಜೀವನ’ ಎಂಬುದು ಅದೇ ಕೋಶದಲ್ಲಿ ನೀರಿನ ಪರ್ಯಾಯಗಳಲ್ಲೊಂದು. ‘ಜೀವಕ’ವು ಅಷ್ಟವರ್ಗವೆಂದು ಪ್ರಸಿದ್ಧವಾದ ಎಂಟು ಮೂಲಿಕೆಗಳಲ್ಲಿ ಮೊದಲನೆಯದು, ಚರಕಸಂಹಿತೆಯ ಜೀವನೀಯಗಣದ ಹತ್ತು ದ್ರವ್ಯಗಳಲ್ಲಿಯೂ ಇದು ಸೇರಿದೆ. ಸಂಜೀವನ, ಸಂಜೀವಿನಿ ಶಬ್ದಗಳು ಸರ್ವವಿದಿತ. ಈ ಎಲ್ಲ ಪ್ರಯೋಗಗಳಲ್ಲಿ ಜೀವವನ್ನು ತರುವುದೆಂದು ಹೇಳಲ್ಪಟ್ಟಿರುವುದು ನೀರು, ಮೂಲಿಕೆ, ಔಷಧ ಮುಂತಾದ ಪುದ್ಗಲದ್ರವ್ಯವೇ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಸುಖದುಃಖಗಳೊಡನೆ ಜೀವಿತ ಮರಣಗಳನ್ನೂ ಪುದ್ಗಲದ ಉಪಕಾರವೆಂದು ಎಣಿಸಿರುವುದಕ್ಕೆ ಲೋಕದ ಈ ಶಬ್ದವ್ಯವಹಾರವು ಹೊಂದಿಕೊಳ್ಳುತ್ತದೆ.

2. ಕನ್ನಡ ಲಿಪಿಯಲ್ಲಿ ಉಂಟಾಗುವ ಸಂದೇಹಗಳು

ಸಂಸ್ಕೃತದಲ್ಲಿ ಧಾತುಭೇದದಿಂದ ಬಂದ ಸಂದೇಹಕ್ಕೆ ಕನ್ನಡದಲ್ಲಿ ಇನ್ನೊಂದು ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ‘ಜೀವದ’, ‘ಪ್ರಾಣದ’ ಎಂಬವು ಷಷ್ಠೀ ವಿಭಕ್ತಿಯ ರೂಪಗಳೂ ಹೌದು. ‘ಪ್ರಾಣದ’ ಎಂಬುದನ್ನು ಕನ್ನಡ ಓದುಗನು ಪ್ರಾಣಕ್ಕೆ ಸಂಬಂಧಿಸಿದ ಎಂದೇ ಸಹಜವಾಗಿ ಗ್ರಹಿಸುವನು. ಪ್ರಾಣವನ್ನು ನೀಡುವವನೆಂಬ ಅರ್ಥವು ಸ್ಪಷ್ಟವಾಗಬೇಕಾದರೆ ಪ್ರಥಮಾ ವಿಭಕ್ತಿಯ ಚಿಹ್ನೆ ಇರಲೇಬೇಕು. ‘ಪ್ರಾಣದಂ’, ‘ಪ್ರಾಣದನಪ್ಪ’, ‘ಪ್ರಾಣದನೆನಿಪ’ ಎಂದಾಗ ಸಂದೇಹಕ್ಕೆಡೆಯಿಲ್ಲ. ಅನುಸ್ವಾರದ ಒಂದು ಸೊನ್ನೆ ಲೇಖಕನ ಕಂಟದಿಂದ ತಪ್ಪಿದರೆ ಅಥವಾ ಓಲೆಯ ಸವೆತದಿಂದ ಮಾಸಿದರೆ ಕರ್ತೃಪದವು ಷಷ್ಠಿಯಾಗಿ ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಪದವಿಭಾಗವಿಲ್ಲದೆ ಬರೆಯುವ ಓಲೆಗರಿಗಳಲ್ಲಿ ಇಂತಹ ಪ್ರಮಾದವು ಸುಲಭವಾಗಿ ಸಂಭವಿಸುವಂಥದು.

ದಕಾರ ಧಕಾರಗಳ ಸಾಂಕರ್ಯವು ಎರಡನೆಯದು. ಕನ್ನಡ ಲಿಪಿಯಲ್ಲಿ ಇವೆರಡಕ್ಕೂ ಇರುವ ಅಂತರವು ಅಕ್ಷರದ ಕೆಳಗಣ ಸಣ್ಣ ಸೀಳು ಮಾತ್ರ. ತಾಡಪತ್ರಗಳಲ್ಲಿ ಈ ಸೀಳನ್ನು ಅನೇಕವೇಳೆ ಬರೆಯುವುದಿಲ್ಲ. ಆದುದರಿಂದ ‘ಜೀವಂಧರ’ವು ‘ಜೀವಂದರ’ವೆಂದೂ ಕಾಣಿಸಬಹುದು. ‘ದಾ’ ಧಾತುವಿನ ದಾನಾರ್ಥವೂ ‘ಧೃ’ ಧಾತುವಿನ ಧಾರಣಾರ್ಥವೂ ಹೀಗೆ ಕಣ್ಣಿಗೆ ಒಂದಾಗಿ ತೋರುತ್ತವೆ. ಕೊಡುವವನು ಬೇರೆ, ಧರಿಸುವವನು ಬೇರೆ. ಜೈನ ದೃಷ್ಟಿಯಲ್ಲಿ ಇವೆರಡಕ್ಕಿರುವ ಅಂತರವು ಅತ್ಯಂತ ಮಹತ್ತ್ವದ್ದು.

ಮೂರನೆಯದು ‘ಜೀವದಯ’, ‘ಜೀವದಯಾ’, ‘ಜೀವದಯೆ’ ಇವುಗಳ ಸಾದೃಶ್ಯ. ಮೊದಲನೆಯದು ವಿಶೇಷಣ, ವ್ಯಕ್ತಿಯನ್ನು ಹೇಳುತ್ತದೆ. ಉಳಿದವು ಭಾವವಾಚಕ, ಗುಣವನ್ನು ಹೇಳುತ್ತವೆ. ಜನ್ನನು ಕ್ರಿ.ಶ. 1209ರಲ್ಲಿ ರಚಿಸಿದ ಯಶೋಧರಚರಿತೆಯ ಸಾರವೇ ಜೀವದಯೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯು ತಾಯಿಮಕ್ಕಳನ್ನು ಭವಭವಗಳಲ್ಲಿ ಅಲೆಯಿಸಿದ ಆ ಕಥೆಯಿಂದ ಜೀವದಯೆಯೆಂಬ ಶಬ್ದವು ಕನ್ನಡ ನಾಡಿನಲ್ಲಿ ಮನೆಮಾತಾಯಿತು. ಹೀಗೆ ಪರಿಚಿತವಾದ ಭಾವವಾಚಕವು ಕಣ್ಣಿಗೆ ಕಟ್ಟಿರುವಾಗ ಅಪರಿಚಿತವಾದ ವಿಶೇಷಣವನ್ನು ಪ್ರತಿಕಾರನು ಅದಾಗಿ ತಿದ್ದುವುದು ಅಸಹಜವಲ್ಲ.

3. ಜೀವಂಧರ, ಜೀವಕ

ವ್ಯಕ್ತಿನಾಮಗಳಲ್ಲಿ ಈ ವರ್ಗಕ್ಕೆ ಸೇರಿದ ಪ್ರಸಿದ್ಧ ಶಬ್ದವೆಂದರೆ ‘ಜೀವಂಧರ’. ಗುಣಭದ್ರಾಚಾರ್ಯರ ಉತ್ತರಪುರಾಣ, ವಾದೀಭಸಿಂಹಸೂರಿಗಳ ಕ್ಷತ್ರಚೂಡಾಮಣಿ ಮತ್ತು ಗದ್ಯಚಿಂತಾಮಣಿ, ಹರಿಚಂದ್ರನ ಜೀವಂಧರಚಂಪು ಇವು ಸಂಸ್ಕೃತದಲ್ಲಿ ಈ ಮಹಾಪುರುಷನ ಚರಿತವನ್ನು ಹೇಳಿವೆ. ತಮಿಳಿನಲ್ಲಿ ತಿರುತ್ತಕ್ಕದೇವರ ಜೀವಕಚಿಂತಾಮಣಿಯು ಪಂಚಮಹಾಕಾವ್ಯಗಳಲ್ಲಿ ಒಂದಾಗಿ ಮಾನ್ಯವಾಗಿದೆ. ಕನ್ನಡದಲ್ಲಿ ಭಾಸ್ಕರಕವಿಯು ಕ್ರಿ.ಶ. 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಜೀವಂಧರಚರಿತೆಯನ್ನು ರಚಿಸಿದನು. ತೆರಕಣಾಂಬಿಯ ಬೊಮ್ಮರಸನ ಜೀವಂಧರಸಾಂಗತ್ಯ, ಕೋಟೇಶ್ವರನ ಜೀವಂಧರಷಟ್ಪದಿಗಳು ಆ ಪರಂಪರೆಯನ್ನು ಮುಂದುವರಿಸಿವೆ.

ವ್ಯಾಕರಣದೃಷ್ಟಿಯಿಂದ ನೋಡಿದರೆ ಜೀವಂಧರ ಶಬ್ದದ ನಡುವಣ ಅನುಸ್ವಾರವು ಸಂಜ್ಞಾಸೂಚಕವಾದುದು. ವಿಶ್ವಂಭರ, ಶತ್ರುಂಜಯ, ಯುಗಂಧರ, ಅರಿಂದಮ ಮೊದಲಾದ ಹೆಸರುಗಳಲ್ಲಿ ಪಾಣಿನಿಯು ವಿಧಿಸಿದ ‘ಖಚ್’ ಪ್ರತ್ಯಯವೂ ‘ಮುಮ್’ ಆಗಮವೂ ಇಲ್ಲಿಯೂ ಕಾಣುತ್ತವೆ. ಕಥಾನಾಯಕನ ತಂದೆಯಾದ ಸತ್ಯಂಧರನ ಹೆಸರೂ ಇದೇ ರಚನೆಯದು. ಹೀಗಾಗಿ ಅನುಸ್ವಾರಸಹಿತವಾದ ಜೀವಂಧರವು ಅಂಕಿತನಾಮ, ಅನುಸ್ವಾರರಹಿತವಾದ ಜೀವದವು ಗುಣವಾಚಕ ಎಂಬ ವಿವೇಕವು ಪಾಠನಿರ್ಣಯದಲ್ಲಿ ಉಪಯುಕ್ತವಾಗುತ್ತದೆ.

ಹೆಸರಿನ ಹುಟ್ಟಿಗೆ ಕಥೆಯಲ್ಲಿಯೇ ಕಾರಣವಿದೆ. ಕಾಷ್ಠಾಂಗಾರನ ದ್ರೋಹದಿಂದ ಸತ್ಯಂಧರನು ಮಡಿಯುತ್ತಾನೆ. ರಾಣಿ ವಿಜಯೆಯು ಶ್ಮಶಾನದಲ್ಲಿ ಮಗುವನ್ನು ಹೆರುತ್ತಾಳೆ. ತನ್ನ ಸತ್ತ ಶಿಶುವನ್ನು ಅಲ್ಲಿಗೆ ತಂದ ವೈಶ್ಯ ಗಂಧೋತ್ಕಟನು ಬದುಕಿರುವ ರಾಜಕುಮಾರನನ್ನು ಎತ್ತಿಕೊಳ್ಳುತ್ತಾನೆ. ಆಗ ‘ಜೀವ’ ಎಂಬ ಆಶೀರ್ವಚನವು ಅವನ ಕಿವಿಗೆ ಬೀಳುತ್ತದೆ. ಬದುಕು ಎಂಬ ಅರ್ಥದ ಆ ವಿಧ್ಯರ್ಥ ಕ್ರಿಯಾಪದವೇ ಶಿಶುವಿನ ಹೆಸರಿಗೆ ಬೀಜವಾಯಿತು. ಮನೆಗೆ ಬಂದ ಗಂಧೋತ್ಕಟನು, ಬದುಕಿರುವ ಮಗನನ್ನು ಸತ್ತನೆಂದೇಕೆ ಹೇಳಿದೆಯೆಂದು ಹೆಂಡತಿ ಸುನಂದೆಯನ್ನು ಆಕ್ಷೇಪಿಸಿ ಶಿಶುವನ್ನು ಅವಳ ಮಡಿಲಿಗೆ ಹಾಕುತ್ತಾನೆ.

ಇದಕ್ಕೆ ಸಮಾನವಾದ ವೃತ್ತಾಂತವು ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ದೊರೆಯುತ್ತದೆ. ರಾಜಗೃಹದಲ್ಲಿ ಕಸದ ರಾಶಿಯ ಮೇಲೆ ಬಿಸುಟಿದ್ದ ಶಿಶುವನ್ನು ರಾಜಕುಮಾರ ಅಭಯನು ಕಂಡು, ಬದುಕಿದೆಯೇ ಎಂದು ಕೇಳಲು, ಬದುಕಿದೆ ಎಂದು ಜನರು ಉತ್ತರಿಸಿದರು. ಅದರಿಂದ ‘ಜೀವಕ’ನೆಂಬ ಹೆಸರಾಯಿತು. ಅವನೇ ಮುಂದೆ ಬಿಂಬಿಸಾರನಿಗೂ ಬುದ್ಧನಿಗೂ ಚಿಕಿತ್ಸೆ ಮಾಡಿದ ಪ್ರಖ್ಯಾತ ವೈದ್ಯನಾದನು. ಜೈನ ಪರಂಪರೆಯಲ್ಲಿ ಬಿಂಬಿಸಾರನು ಶ್ರೇಣಿಕ, ಅಭಯನು ಅವನ ಮಗನಾದ ಅಭಯಕುಮಾರ. ಜೀವಂಧರನ ಕಥೆಯನ್ನು ಉತ್ತರಪುರಾಣವು ಶ್ರೇಣಿಕನಿಗೆ ಸುಧರ್ಮರು ಹೇಳಿದಂತೆ ನಿರೂಪಿಸಿರುವುದನ್ನು ಇಲ್ಲಿ ನೆನೆಯಬಹುದು. ಎರಡು ವೃತ್ತಾಂತಗಳ ವ್ಯಕ್ತಿಗಳು ಬೇರೆ, ಫಲ ಬೇರೆ. ಆದರೆ ತ್ಯಕ್ತವಾದ ಶಿಶುವಿನ ಮೇಲೆ ನುಡಿದ ‘ಜೀವ್’ ಧಾತುವಿನ ಕ್ರಿಯಾರೂಪವೇ ಹೆಸರಾಗಿ ನಿಂತ ಕ್ರಮವು ಎರಡರಲ್ಲಿಯೂ ಒಂದೇ. ಮೊದಲು ಅವನು ‘ಬದುಕಿದವನು’, ಅನಂತರವೇ ‘ಬದುಕಿಸಿದವನು’. ತಮಿಳು ಕಾವ್ಯದ ಹೆಸರಿನಲ್ಲಿ ಜೀವಂಧರನನ್ನು ಜೀವಕನೆಂದೇ ಕರೆದಿರುವುದೂ ಈ ಅರ್ಥಕ್ಕೆ ಪೋಷಕವಾಗಿದೆ.

ಜೀವಂಧರನು ಬದುಕಿಸಿದವನಾದ ಪ್ರಸಂಗಗಳೆರಡನ್ನು ಹೋಲಿಸಿ ನೋಡಬೇಕು. ಚಂದ್ರಾಭಾನಗರಿಯಲ್ಲಿ ಹಾವು ಕಚ್ಚಿದ ರಾಜಪುತ್ರಿ ಪದ್ಮೆಯನ್ನು ವಿಷಾಪಹಾರ ಮಂತ್ರದಿಂದ ಬದುಕಿಸಿದ್ದು ಒಂದು. ಬ್ರಾಹ್ಮಣರ ಹೊಡೆತಕ್ಕೆ ಸಿಕ್ಕಿ ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದ್ದು ಇನ್ನೊಂದು. ಮೊದಲನೆಯದರಲ್ಲಿ ದೇಹವು ಉಳಿಯಿತು. ಎರಡನೆಯದರಲ್ಲಿ ನಾಯಿ ಬದುಕಲಿಲ್ಲ. ಆದರೆ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಪದ್ಮೆಯನ್ನು ಬದುಕಿಸಿದ ಮಂತ್ರವನ್ನು ಜೀವಂಧರನಿಗೆ ಕೊಟ್ಟವನೂ ಈ ಯಕ್ಷನೇ. ಲೋಕದೃಷ್ಟಿಗೆ ಮೊದಲನೆಯದೇ ಜೀವದಾನ. ಆಚಾರ್ಯರ ದೃಷ್ಟಿಗೆ ಎರಡನೆಯದು ಮೇಲಾದುದು. ಮೊದಲನೆಯದಕ್ಕೆ ಕಾರಣವಾದುದೂ ಅದೇ.

4. ಆಗಮದ ‘ಜೀವದಯ’

ಶ್ವೇತಾಂಬರ ಆಗಮಗಳಲ್ಲಿ ಶಕ್ರೇಂದ್ರನು ಅರ್ಹಂತರನ್ನು ಸ್ತುತಿಸುವ ಶಕ್ರಸ್ತವವು ಪ್ರಸಿದ್ಧವಾದುದು. ಅದರಲ್ಲಿ ಅಭಯ, ಚಕ್ಷು, ಮಾರ್ಗ, ಶರಣ, ಬೋಧಿ ಇವುಗಳನ್ನು ನೀಡುವವರೆಂಬ ವಿಶೇಷಣಗಳ ಮಾಲೆಯೊಂದಿದೆ. ಕಲ್ಪಸೂತ್ರದ ಪಾಠದಲ್ಲಿ ಶರಣಕ್ಕೂ ಬೋಧಿಗೂ ನಡುವೆ ‘ಜೀವದಯ’ ಎಂಬ ವಿಶೇಷಣವೂ ಸೇರಿದೆ. ನಿತ್ಯಪಾಠದ ಸಂಪ್ರದಾಯಗಳಲ್ಲಿ ಮಾತ್ರ ಭೇದವುಂಟು. ಸ್ಥಾನಕವಾಸಿಗಳ ಪಾಠದಲ್ಲಿ ಈ ಪದವಿದೆ. ಮೂರ್ತಿಪೂಜಕರ ಪ್ರಚಲಿತ ಪಾಠದಲ್ಲಿ ಇಲ್ಲ. ಹರ್ಮನ್ ಯಾಕೋಬಿಯು 1884ರಲ್ಲಿ ಪ್ರಕಟಿಸಿದ ಕಲ್ಪಸೂತ್ರದ ಇಂಗ್ಲಿಷ್ ಅನುವಾದದಲ್ಲಿ ಇದನ್ನು ಜೀವವನ್ನು ನೀಡುವವರು ಎಂದೇ ಅರ್ಥೈಸಿದ್ದಾನೆ.

ಸಂಸ್ಕೃತ ವೃತ್ತಿಕಾರರು ಈ ಪದಕ್ಕೆ ಎರಡು ವಿವರಣೆಗಳನ್ನು ಕೊಡುತ್ತಾರೆ. ಜೀವವೆಂದರೆ ಭಾವಪ್ರಾಣಗಳ ಧಾರಣೆ, ಅಂದರೆ ಮರಣವಿಲ್ಲದ ಸ್ಥಿತಿ. ಅದನ್ನು ನೀಡುವವನು ಜೀವದಯ ಎಂಬುದು ಮೊದಲನೆಯದು. ಜೀವಗಳಲ್ಲಿ ದಯೆಯುಳ್ಳವನು ಜೀವದಯ ಎಂಬ ಬಹುವ್ರೀಹಿಯು ಎರಡನೆಯದು. ಪ್ರಕರಣವನ್ನು ನೋಡಿದರೆ ಮೊದಲನೆಯದೇ ಹೆಚ್ಚು ಹೊಂದುತ್ತದೆ. ಏಕೆಂದರೆ ಹಿಂದುಮುಂದಿನ ವಿಶೇಷಣಗಳೆಲ್ಲವೂ ದಾನಾರ್ಥದಲ್ಲಿಯೇ ಇವೆ. ನಡುವಣ ಒಂದನ್ನು ಮಾತ್ರ ಬೇರೆ ಸಮಾಸವಾಗಿ ಬಿಡಿಸಿದರೆ ಮಾಲೆಯ ಏಕರೂಪತೆ ಕೆಡುತ್ತದೆ. ಆದರೂ ವೃತ್ತಿಕಾರರು ಎರಡನೆಯದನ್ನು ಕೈಬಿಡದಿರುವುದಕ್ಕೆ ಸಿದ್ಧಾಂತದ ಎಚ್ಚರವೇ ಕಾರಣವೆಂದು ತೋರುತ್ತದೆ. ಜಿನನು ಜೀವವನ್ನು ನೀಡುವನೆಂದರೆ ಸೃಷ್ಟಿಕರ್ತೃತ್ವದ ಶಂಕೆ ಬರಬಾರದು.

ದಿಗಂಬರ ಪರಂಪರೆಯಲ್ಲಿ ಇದಕ್ಕೆ ಸಂವಾದಿಯಾಗಿ ಕಾಣುವುದು ‘ಪ್ರಾಣದ’ ಶಬ್ದ. ಭಗವಜ್ಜಿನಸೇನಾಚಾರ್ಯರು ಆದಿಪುರಾಣದ ಇಪ್ಪತ್ತೈದನೆಯ ಪರ್ವದಲ್ಲಿ ಹೇಳಿದ 1008 ಜಿನನಾಮಗಳಲ್ಲಿ ಪ್ರಾಣ, ಪ್ರಾಣದ ಎಂಬ ಹೆಸರುಗಳು ಜೊತೆಯಾಗಿಯೇ ಬಂದಿವೆ. ಶ್ರೇಷ್ಠವೈದ್ಯನೆಂಬ ಅರ್ಥದ ‘ಭಿಷಗ್ವರ’ವೂ ಅಲ್ಲಿದೆ. ಪ್ರಾಣದವೆಂಬ ಹೆಸರು ವಿಷ್ಣುಸಹಸ್ರನಾಮದಲ್ಲಿಯೂ ಉಂಟು. ಶಬ್ದ ಒಂದೇ ಆದರೂ ಅರ್ಥವು ಒಂದಲ್ಲ. ಅಲ್ಲಿ ಜಗತ್ಕಾರಣನಾದ ಈಶ್ವರನು ಪ್ರಾಣವನ್ನು ಕೊಡುವವನು. ಇಲ್ಲಿ ಉಪದೇಶದಿಂದ ಭವ್ಯರನ್ನು ಭಾವಪ್ರಾಣದ ಅರಿವಿಗೆ ತರುವವನು.

5. ಸಿದ್ಧಾಂತದ ಆಕ್ಷೇಪ ಮತ್ತು ಸಮಾಧಾನ

ಜೀವವನ್ನು ಕೊಡುವವನೆಂಬ ಭಾವನೆಗೆ ಕುಂದಕುಂದಾಚಾರ್ಯರ ಸಮಯಸಾರಕ್ಕಿಂತ ಕಠಿನವಾದ ಆಕ್ಷೇಪವು ಬೇರೊಂದಿಲ್ಲ. ಬಂಧಾಧಿಕಾರದಲ್ಲಿ ಅವರು, ಪರರನ್ನು ಕೊಲ್ಲುತ್ತೇನೆಂದು ತಿಳಿಯುವವನು ಹೇಗೆ ಅಜ್ಞಾನಿಯೋ ಪರರನ್ನು ಬದುಕಿಸುತ್ತೇನೆಂದು ತಿಳಿಯುವವನೂ ಹಾಗೆಯೇ ಅಜ್ಞಾನಿಯೆಂದು ಹೇಳುತ್ತಾರೆ. ಜೀವಿತವು ಆಯುಃಕರ್ಮದ ಉದಯದಿಂದ ನಡೆಯುತ್ತದೆ. ಆಯುವನ್ನು ಒಬ್ಬನು ಇನ್ನೊಬ್ಬನಿಗೆ ಕೊಡಲಾರನು. ಆಯುವನ್ನೇ ಕೊಡಲಾರದವನು ಜೀವಿತವನ್ನು ಕೊಟ್ಟನೆನ್ನುವುದು ಸಲ್ಲದು. ಅಧ್ಯಾತ್ಮಿ ಬಾಲಚಂದ್ರರ ಕನ್ನಡ ವೃತ್ತಿಯ ಮೂಲಕ ಈ ವಿಚಾರವು ನಾಡಿನ ಶ್ರಾವಕರಿಗೂ ತಲಪಿತು.

ಈ ನಿಶ್ಚಯನಯವನ್ನು ಏಕಾಂತವಾಗಿ ಹಿಡಿದರೆ ಜೀವದ, ಪ್ರಾಣದ ಶಬ್ದಗಳು ನಿರರ್ಥಕವಾಗಬೇಕು. ವೈದ್ಯವೃತ್ತಿಯೂ ಅಭಯದಾನವೂ ವ್ಯರ್ಥವಾಗಬೇಕು. ಆದರೆ ಆಚಾರ್ಯರು ಹಾಗೆ ಹೇಳಿಲ್ಲ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ದೇವ ನಾರಕರು, ಚರಮೋತ್ತಮದೇಹಿಗಳು, ಅಸಂಖ್ಯಾತವರ್ಷಾಯುಷ್ಯದವರು ಇವರ ಆಯುವು ಅನಪವರ್ತ್ಯವೆಂದು ಹೇಳಿದೆ. ಇದರಿಂದ ಉಳಿದವರ ಆಯುವು ವಿಷ, ಶಸ್ತ್ರ ಮೊದಲಾದ ನಿಮಿತ್ತಗಳಿಂದ ಮೊಟಕಾಗಬಹುದೆಂದಾಯಿತು. ಅಕಲಂಕದೇವರು ರಾಜವಾರ್ತಿಕದಲ್ಲಿ ಈ ಸೂತ್ರವನ್ನು ವಿವರಿಸುವಾಗ ಆಯುರ್ವೇದವನ್ನು ಪ್ರಮಾಣವಾಗಿ ಎತ್ತಿಕೊಂಡಿದ್ದಾರೆ. ಅಕಾಲಮರಣವೇ ಇಲ್ಲದಿದ್ದರೆ ಚಿಕಿತ್ಸಾಶಾಸ್ತ್ರಕ್ಕೆ ಪ್ರಯೋಜನವಿರದು ಎಂಬುದು ಅದರ ತಾತ್ಪರ್ಯ. ವೈದ್ಯನು ಆಯುವನ್ನು ಕೂಡಿಸುವುದಿಲ್ಲ. ಇರುವ ಆಯುವು ನಡುವೆಯೇ ಕಡಿಯದಂತೆ ನಿಮಿತ್ತನಾಗುತ್ತಾನೆ. ವ್ಯವಹಾರನಯದಿಂದ ಅವನು ‘ಜೀವದ’ನೆನ್ನಿಸಿಕೊಳ್ಳಲು ಇಷ್ಟು ಸಾಕು.

ಪ್ರಾಣಶಬ್ದಕ್ಕೂ ಇದೇ ನಯವಿಭಾಗವು ಅನ್ವಯಿಸುತ್ತದೆ. ನೇಮಿಚಂದ್ರರ ದ್ರವ್ಯಸಂಗ್ರಹವು ವ್ಯವಹಾರದಿಂದ ಇಂದ್ರಿಯ, ಬಲ, ಆಯು, ಶ್ವಾಸೋಚ್ಛ್ವಾಸ ಎಂಬ ನಾಲ್ಕು ಪ್ರಾಣಗಳನ್ನೂ ನಿಶ್ಚಯದಿಂದ ಚೇತನೆಯನ್ನೂ ಜೀವದ ಲಕ್ಷಣವಾಗಿ ಹೇಳಿದೆ. ದ್ರವ್ಯಪ್ರಾಣಗಳನ್ನು ಕಾಯುವವನು ವೈದ್ಯ. ಭಾವಪ್ರಾಣವನ್ನು ಅರುಹುವವನು ಜಿನ. ಎರಡೆಡೆಯಲ್ಲಿಯೂ ‘ದ’ ಪ್ರತ್ಯಯಾಂತದ ಅರ್ಥವು ಉತ್ಪಾದನೆಯಲ್ಲ, ಉಪಗ್ರಹ.

6. ವೈದ್ಯ, ದಾನ, ಶಾಸನ

ದ್ವಾದಶಾಂಗದ ಹನ್ನೆರಡನೆಯ ಪೂರ್ವಕ್ಕೆ ದಿಗಂಬರರಲ್ಲಿ ‘ಪ್ರಾಣಾವಾಯ’ವೆಂದು ಹೆಸರು, ಅದು ವೈದ್ಯವಿಷಯಕವಾದುದು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಆ ಪರಂಪರೆಯದು. 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ಈ ಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ವರ್ಜಿಸಲಾಗಿದೆ. ಮಾಂಸಸೇವನೆಯನ್ನು ನಿರಾಕರಿಸುವ ಹಿತಾಹಿತ ಪ್ರಕರಣವು ಇದರ ವೈಶಿಷ್ಟ್ಯ. ಒಂದು ಜೀವವನ್ನು ಕಳೆದು ಇನ್ನೊಂದನ್ನು ಉಳಿಸುವವನು ಒಂದೆಡೆ ‘ದಾ’ ಧಾತುವಿನ ಜೀವದನಾದರೆ ಇನ್ನೊಂದೆಡೆ ‘ದೋ’ ಧಾತುವಿನ ಜೀವದನೇ ಆಗುತ್ತಾನೆ. ಕೋಶವು ಸೂಚಿಸುವ ಈ ಅರ್ಥದ್ವಂದ್ವವು ಜೈನವೈದ್ಯದಲ್ಲಿ ಆಚಾರದ ಪ್ರಶ್ನೆಯಾಗಿ ಪರಿಹಾರಗೊಂಡಿದೆ.

ದಾನವಿಭಾಗದಲ್ಲಿಯೂ ಶಬ್ದದ ಆಯ್ಕೆ ಅರ್ಥಪೂರ್ಣವಾಗಿದೆ. ಕರ್ನಾಟಕದ ಜೈನ ಶಾಸನಗಳಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಮತ್ತೆ ಮತ್ತೆ ಉಕ್ತವಾಗಿವೆ. ಸಮಂತಭದ್ರರ ರತ್ನಕರಂಡಕದಲ್ಲಿ ಆಹಾರ, ಔಷಧಗಳೊಡನೆ ಉಪಕರಣ, ಆವಾಸಗಳನ್ನು ಹೇಳಿದೆ. ಎರಡು ಗಣನೆಗಳಲ್ಲಿಯೂ ‘ಜೀವದಾನ’ ಎಂಬ ಹೆಸರಿಲ್ಲ. ಪ್ರಾಣಿಯನ್ನು ಸಾವಿನಿಂದ ಬಿಡಿಸುವ ಕಾರ್ಯವನ್ನು ಅಭಯದಾನವೆಂದು ಕರೆಯಲಾಯಿತು. ಕೊಟ್ಟದ್ದು ಜೀವವನ್ನಲ್ಲ, ನಿರ್ಭಯವನ್ನು. ಮನುಷ್ಯನಿಗೆ ಸಾಧ್ಯವಾದುದನ್ನು ಮಾತ್ರ ದಾನವೆಂದು ಎಣಿಸಿದ ಈ ಶಬ್ದಪ್ರಯೋಗವು ಸಮಯಸಾರದ ಆಕ್ಷೇಪಕ್ಕೆ ಗುರಿಯಾಗುವುದಿಲ್ಲ.

ಕನ್ನಡ ಶಾಸನಗಳಲ್ಲಿ ‘ಜೀವಿತ’ವೆಂಬುದು ಜೀವನಾಧಾರವಾಗಿ ಕೊಟ್ಟ ಭೂಮಿಗೂ ಆದಾಯಕ್ಕೂ ಹೆಸರಾಗಿದೆ, ‘ಅಣುಗಜೀವಿತ’ ಎಂಬ ಶಬ್ದವು ಚಾಲುಕ್ಯರ ಕಾಲದ ಶಾಸನಗಳಿಂದ ಪರಿಚಿತ. ಇಲ್ಲಿಯೂ ಜೀವಿತವನ್ನು ಕೊಡುವುದೆಂದರೆ ಬಾಳುವೆಗೆ ಆಸರೆ ಕೊಡುವುದೆಂದೇ ಅರ್ಥ. ಅಚ್ಚಗನ್ನಡದಲ್ಲಿ ಈ ಭಾವಕ್ಕೆ ಬಳಕೆಯಲ್ಲಿರುವುದು ‘ಬದುಕಿಸು’ ಎಂಬ ಪ್ರೇರಣಾರ್ಥಕ ಕ್ರಿಯೆ. ಬದುಕುವ ಕ್ರಿಯೆಯು ಬದುಕಿದವನದೇ. ಬದುಕಿಸಿದವನು ಪ್ರೇರಕ ಮಾತ್ರ. ದೇಶೀಯ ವ್ಯಾಕರಣದ ಈ ರೂಪವು ನಿಮಿತ್ತ, ಉಪಾದಾನಗಳ ವಿವೇಕಕ್ಕೆ ಸಹಜವಾಗಿಯೇ ಒಪ್ಪುತ್ತದೆ.

7. ಉಪಸಂಹಾರ

ಪರ್ಯಾಯಶಬ್ದಗಳ ಈ ವಿಚಾರದಲ್ಲಿ ಕೊನೆಯ ಮಾತು ಕೋಶಕಾರನೂ ಕವಿಯೂ ಆದ ಧನಂಜಯನದು. ನಾಮಮಾಲೆಯಲ್ಲಿ ಶಬ್ದಗಳ ಪರ್ಯಾಯಗಳನ್ನು ಸಂಗ್ರಹಿಸಿದ, ದ್ವಿಸಂಧಾನದಲ್ಲಿ ಒಂದೇ ಪದ್ಯದಿಂದ ಎರಡು ಕಥೆಗಳನ್ನು ಹೇಳಿದ ಈ ವಿದ್ವಾಂಸನ ಮಗನಿಗೆ ಹಾವು ಕಚ್ಚಿತೆಂದೂ, ವಿಷಾಪಹಾರಸ್ತೋತ್ರದಿಂದ ಅವನು ಬದುಕಿದನೆಂದೂ ಪರಂಪರಾಗತವಾದ ಐತಿಹ್ಯವಿದೆ. ಆ ಸ್ತೋತ್ರದಲ್ಲಿ ಕವಿಯು, ವಿಷವನ್ನು ನೀಗುವ ಮಣಿ, ಔಷಧ, ಮಂತ್ರ, ರಸಾಯನಗಳನ್ನು ಅರಸಿ ಜನರು ಅಲೆಯುತ್ತಾರೆ. ಅವೆಲ್ಲವೂ ಜಿನನ ಪರ್ಯಾಯನಾಮಗಳೇ ಎಂಬುದನ್ನು ನೆನೆಯುವುದಿಲ್ಲ ಎಂಬ ಭಾವವನ್ನು ವ್ಯಕ್ತಪಡಿಸಿದ್ದಾನೆ. ಪರ್ಯಾಯನಾಮವೆಂಬ ಕೋಶಪರಿಭಾಷೆಯನ್ನು ಭಕ್ತಿಯ ಸಂದರ್ಭದಲ್ಲಿ ಬಳಸಿದುದು ಕೋಶಕಾರನಿಗೆ ತಕ್ಕುದಾಗಿದೆ.

ಮೇಲಣ ವಿವೇಚನೆಯಿಂದ ಗ್ರಂಥಸಂಪಾದನೆಗೆ ಉಪಯುಕ್ತವಾದ ಕೆಲವು ನಿಯಮಗಳು ಫಲಿಸುತ್ತವೆ. ಪ್ರತಿಗಳಲ್ಲಿ ‘ಪ್ರಾಣದ’, ‘ಜೀವದ’ ಎಂಬ ರೂಪಗಳು ಬಂದಾಗ ಅವನ್ನು ಷಷ್ಠಿಯೆಂದು ನಿರ್ಧರಿಸುವ ಮೊದಲು ಅನುಸ್ವಾರಲೋಪದ ಸಾಧ್ಯತೆಯನ್ನು ಪರಿಶೀಲಿಸಬೇಕು. ‘ಜೀವದಯ’ವನ್ನು ‘ಜೀವದಯಾ’ ಎಂದು ತಿದ್ದಬಾರದು. ಸುತ್ತಣ ವಿಶೇಷಣಗಳ ರಚನೆಯನ್ನು ನೋಡಿ ನಿರ್ಣಯಿಸಬೇಕು. ‘ಜೀವಂದರ’ ಎಂದು ಕಂಡಲ್ಲಿ ಅದು ಲಿಪಿಯ ರೂಢಿಯೆಂದು ತಿಳಿದು ಧಕಾರವನ್ನು ಗ್ರಹಿಸಬೇಕಲ್ಲದೆ ದಾನಾರ್ಥವನ್ನು ಕಲ್ಪಿಸಬಾರದು. ಅರ್ಥನಿರ್ಣಯದಲ್ಲಿ ದ್ರವ್ಯಪ್ರಾಣವೋ ಭಾವಪ್ರಾಣವೋ ಎಂಬ ವಿಭಾಗವನ್ನು ಮೊದಲು ಮಾಡಿಕೊಳ್ಳಬೇಕು. ಇಷ್ಟು ಎಚ್ಚರವಿದ್ದರೆ ಜಿನನನ್ನು ಪ್ರಾಣದನೆಂದು ಸ್ತುತಿಸುವ ಆಚಾರ್ಯರಿಗೂ, ಪರರನ್ನು ಬದುಕಿಸುತ್ತೇನೆಂಬ ಅಹಂಕಾರವನ್ನು ಅಜ್ಞಾನವೆಂದು ನಿರಾಕರಿಸುವ ಆಚಾರ್ಯರಿಗೂ ವಿರೋಧವಿಲ್ಲವೆಂಬುದು ಸ್ಪಷ್ಟವಾಗುವುದು.